ಕೂಸು ಎತ್ತ ನೋಡುತ್ತದೆ

ಹೊಳೆ ಕಡಲಿಗೆ ಸೇರುವ ತುದಿಯಲ್ಲೊಂದು ಪೇಟೆ. ಅಲ್ಲೊಬ್ಬ ಗುರು. ಮಠವಿರಲಿಲ್ಲ, ಜಪಮಾಲೆಯಿರಲಿಲ್ಲ, ಪಾದಪೂಜೆಯಂತೂ ಇರಲೇ ಇಲ್ಲ. ಇದ್ದದ್ದು ಹೊಳೆಗೆ ಮುಖ ಮಾಡಿದ ಒಂದು ಫೋಟೋ ಸ್ಟುಡಿಯೋ, ಮತ್ತು ಮಂಡಿನೋವು.

ಹೆಸರು ರುಕ್ಮಾಬಾಯಿ. ಊರಿಗೆಲ್ಲ ಅಕ್ಕೋರು. ಮನೆಮನೆಗೆ ಹೋಗಿ ಹಸುಗೂಸುಗಳ ಫೋಟೋ ತೆಗೆಯುವುದು ಅವರ ಕಸುಬು.

ಶಿಷ್ಯೆ ಭಾಮಿನಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗುರುವಿನ ಚೀಲ ಹೊರುವುದರಲ್ಲೇ ಪ್ರಾಯ ಕಳೆದೀತು ಎಂಬುದು ಅವಳ ಚಿಂತೆ.

"ಅಕ್ಕೋರೇ, ನನ್ನನ್ನು ಒಬ್ಬಳನ್ನೇ ಯಾವಾಗ ಕಳಿಸ್ತೀರಿ?"

ಅಕ್ಕೋರು ಗೋಡೆಯಿಂದ ಗಾಜಿಲ್ಲದ ಹಳೆಯ ಚೌಕಟ್ಟೊಂದನ್ನು ಇಳಿಸಿ ಅವಳ ಕೈಗಿತ್ತರು.

"ಕಿಟಕಿಗೆ ಹಿಡಿ. ಎಂತ ಕಾಣ್ತದೆ?"

"ಹೊಳೆ. ದೋಣಿ. ಬಲೆ ಒಣಗಿಸುವ ಗಂಡಸು."

"ಎಂತ ಕಾಣೂದಿಲ್ಲ?"

"ಕಾಣದ್ದನ್ನ ಹ್ಯಾಗೆ ಹೇಳ್ಲಿ?"

"ಹಾಗಾದ್ರೆ ಇನ್ನೂ ಸ್ವಲ್ಪ ದಿನ ಚೀಲ ಹೊರು."

ಭಾಮಿನಿ ಹೊತ್ತಳು. ಹೊರುತ್ತ ಹೊರುತ್ತ ಕಲಿತಳು. ಮನೆಯೊಳಗೆ ಕಾಲಿಟ್ಟ ಕೂಡಲೆ ಕಿಟಕಿ ಹುಡುಕಬೇಕು. ಬಿಸಿಲು ಖಾರವಾಗಿದ್ದರೆ ತೆಳು ಸೀರೆ ಅಡ್ಡ ಕಟ್ಟಬೇಕು. ಫ್ಲ್ಯಾಶ್ ಚೀಲದಲ್ಲೇ ಇರಬೇಕು, ಫ್ಯಾನ್ ಆರಿರಬೇಕು. ಹಸಿದ ಕೂಸಿನೆದುರು ಕ್ಯಾಮೆರಾ ಬಿಚ್ಚುವುದು ಮೂರ್ಖರ ಕೆಲಸ.

ಒಂದು ಮನೆಯಲ್ಲಿ ಕೂಸು ಏನು ಮಾಡಿದರೂ ಅಳು ನಿಲ್ಲಿಸಲಿಲ್ಲ. ಗಿಲಕಿ ಆಡಿಸಿದರು, ಚಪ್ಪಾಳೆ ತಟ್ಟಿದರು, ಅಜ್ಜ ಕಾಗೆಯ ಹಾಗೆ ಕೂಗಿದ. ಅಜ್ಜ ಚೆನ್ನಾಗಿಯೇ ಕೂಗಿದ, ಹಿತ್ತಲಿಗೆ ಎರಡು ಕಾಗೆ ಬಂದವು. ಕೂಸು ಮಾತ್ರ ಕಣ್ಣೆತ್ತಲಿಲ್ಲ.

ಅಕ್ಕೋರು ಬಾಣಂತಿಯ ಕಿವಿಯಲ್ಲಿ ಏನೋ ಹೇಳಿದರು. ಅವಳು ಒಳಗೆ ಹೋಗಿ, ಹಾಲು ಸೋರದಿರಲೆಂದು ರವಿಕೆಯೊಳಗೆ ಇಟ್ಟುಕೊಂಡಿದ್ದ ಹಳೇ ಸೀರೆಯ ತುಂಡನ್ನು ತಂದುಕೊಟ್ಟಳು. ಅಕ್ಕೋರು ಅದನ್ನು ಮಡಿಸಿ ಕೂಸಿನ ಕೆನ್ನೆಯ ಪಕ್ಕ ಇಟ್ಟರು. ಕೂಸು ಆ ಕಡೆ ಮೂಗು ತಿರುಗಿಸಿತು, ತುಟಿ ಚಪ್ಪರಿಸಿತು, ಸುಮ್ಮನಾಯಿತು.

"ಮಾಟವಾ ಅಕ್ಕೋರೇ?"

"ಅದಕ್ಕೆ ಇನ್ನೂ ಕಣ್ಣು ಕೂತಿಲ್ಲ ಮಾರಾಯ್ತಿ. ಅಮ್ಮ ಅಂದ್ರೆ ಅದಕ್ಕೆ ಮುಖ ಅಲ್ಲ, ವಾಸನೆ."

ಭಾಮಿನಿ ಇದನ್ನು ಗಂಟು ಕಟ್ಟಿ ಇಟ್ಟುಕೊಂಡಳು. ಬೇರೆ ಕೆಲವನ್ನು ಅಷ್ಟು ಬಿಗಿಯಾಗಿ ಕಟ್ಟಲಿಲ್ಲ.

ಮಳೆ ಹಿಡಿಯುವ ಮುಂಚೆ ಅಕ್ಕೋರ ಮಂಡಿ ಬಾತಿತು. ಅದೇ ಹೊತ್ತಿಗೆ ಮೇಲಿನ ಕೇರಿಯ ಒಂದು ಮನೆಯಿಂದ ಕರೆ ಬಂತು. ಹೊಸ ಕೂಸು, ಫೋಟೋ ತುರ್ತಾಗಿ ಬೇಕು.

"ಹೋಗಿ ಬಾ," ಅಂದರು ಅಕ್ಕೋರು. "ಮೊದಲು ಎಂತ ನೋಡ್ತೀ?"

"ಬೆಳಕು."

"ಆಮೇಲೆ?"

"ಕೂಸಿನ ಹೊಟ್ಟೆ ತುಂಬಿದೆಯಾ ಅಂತ."

"ಆಮೇಲೆ?"

ಭಾಮಿನಿ ಆಗಲೇ ಚಪ್ಪಲಿ ಮೆಟ್ಟಿದ್ದಳು. "ಆಮೇಲೆ ಫೋಟೋ ತೆಗೀತೇನೆ. ಇನ್ನೆಂತ?"

ಅಕ್ಕೋರು ಮಂಡಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದರು.

ಆ ಮನೆಯಲ್ಲಿ ಇಬ್ಬರು ಸೊಸೆಯರು. ಹಿರಿಯವಳು ಕುಸುಮಾ, ಮಕ್ಕಳಿಲ್ಲ, ಗಂಡನಿಗೆ ಹಡಗಿನಲ್ಲಿ ಕೆಲಸ, ವಾಸ ದೂರದ ಬಂದರಿನ ಊರಲ್ಲಿ. ಕಿರಿಯವಳು ನೇತ್ರಾ, ಕೂಸನ್ನು ಹೆತ್ತವಳು. ಆದರೆ ಜರಿಸೀರೆ ಉಟ್ಟು, ಮಲ್ಲಿಗೆ ಮುಡಿದು, ಫೋಟೋಕ್ಕೆಂದು ಕುರ್ಚಿಯಲ್ಲಿ ಕೂತಿದ್ದವಳು ಕುಸುಮಾ.

ನೇತ್ರಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಭಾಮಿನಿ ನೀರು ಕೇಳಲು ಹೋದಾಗ ಲೋಟ ಕೊಟ್ಟು ಮೆಲ್ಲಗೆ ಮಾತಾಡಿದಳು.

"ಮೇಡಂ, ಕೂಸನ್ನು ಕುಸುಮಕ್ಕನಿಗೆ ಕೊಡೂದು ಅಂತ ಅತ್ತೆ ಮಾತು ಕೊಟ್ಟಿದ್ದಾರೆ."

ಮೇಡಂ! ಭಾಮಿನಿಯನ್ನು ಯಾರೂ ಅಲ್ಲಿಯವರೆಗೆ ಹಾಗೆ ಕರೆದಿರಲಿಲ್ಲ. ಮಾತಿನ ಉಳಿದ ಭಾಗ ಕಿವಿಗೆ ಬೀಳಲು ಕೊಂಚ ತಡವಾಯಿತು.

"ನೀನು ಒಪ್ಪಿದ್ದೀಯಲ್ಲ?"

"ಹೊಟ್ಟೆಯಲ್ಲಿದ್ದಾಗ ಹೂಂ ಅಂದಿದ್ದೆ. ಆಗ ಅದಕ್ಕೆ ಮುಖ ಇರ್ಲಿಲ್ಲ."

"ಗಂಡ ಎಂತ ಹೇಳ್ತಾರೆ?"

"ಅವರ ಅಣ್ಣ, ಕುಸುಮಕ್ಕನ ಗಂಡ, ಎಂತ ಹೇಳ್ತಾರೋ ಅದನ್ನೇ. ಭಾವ ಒಳ್ಳೆಯವರು ಮೇಡಂ. ಕೂಸು ಕುಸುಮನ ಮಡಿಲಿಗೆ ಒಗ್ಗಿದ್ರೆ ಮಾತ್ರ ಕರ್ಕೊಂಡು ಬರ್ಲಿ, ಅಳುವ ಕೂಸನ್ನು ಕಿತ್ತು ತರೂದು ಬೇಡ, ಅಲ್ಲೇ ಇರ್ಲಿ ಅಂದಿದ್ದಾರೆ. ನಡುಗಡಲಲ್ಲಿ ವಿಡಿಯೋ ಕಾಲ್ ಹತ್ತೂದಿಲ್ಲ. ಒಗ್ಗಿದೆ ಅಂತ ತೋರಿಸ್ಲಿಕ್ಕೇ ಈ ಫೋಟೋ."

ಅಷ್ಟರಲ್ಲಿ ಜಗಲಿಯಿಂದ ಅತ್ತೆಯ ದನಿ. "ನೇತ್ರಾ, ಅವರ ಕೆಲಸ ಕೆಡಿಸಬೇಡ!"

ಭಾಮಿನಿ ಲೋಟ ಕೆಳಗಿಟ್ಟು ಹೋದಳು. ಮನೆಮಂದಿಯ ವ್ಯವಹಾರ, ತನಗೇಕೆ? ಅವಳಿಗೆ ಕಿಟಕಿ ಸಿಕ್ಕಿತ್ತು, ಒಳ್ಳೆ ಬೆಳಕಿತ್ತು, ಕೂಸಿನ ಹೊಟ್ಟೆ ತುಂಬಿತ್ತು.

ಕೂಸನ್ನು ಕುಸುಮಾಳ ತೊಡೆಗಿಟ್ಟರು. ಅದು ಒಮ್ಮೆ ಮುಖ ಹಿಂಡಿ, ಅಡುಗೆಮನೆಯ ಬಾಗಿಲ ಕಡೆ ಕತ್ತು ತಿರುಗಿಸಿತು.

ಭಾಮಿನಿ ಕ್ಲಿಕ್ ಮಾಡಿದಳು. ಕುರ್ಚಿ ತಿರುಗಿಸಿದಳು. ಕೂಸೂ ತಿರುಗಿತು, ಬಾಗಿಲ ಕಡೆಗೇ. ಎಡದ ತೊಡೆಯಿಂದ ಬಲದ ತೊಡೆಗೆ ಬದಲಿಸಿದರು. ಅದು ಅತ್ತು ಕೆಂಪಾಗಿ, ಮತ್ತೆ ಬಾಗಿಲ ಕಡೆಗೇ.

"ಇದೆಂತ ದಿಕ್ಸೂಚಿ ಹೆತ್ತಿದ್ದಾಳೆ ಇವಳು," ಅಂದರು ಅತ್ತೆ.

ಯಾರೂ ನಗಲಿಲ್ಲ. ಕುಸುಮಾ ಕೂಸಿನ ಕತ್ತಿನಡಿ ಕೈ ಸರಿಮಾಡಿಕೊಂಡಳು. "ಅತ್ತೆ, ನಾನು ಹಿಡಿಯೂದೇ ಸರಿ ಇಲ್ಲವೇನೋ," ಅಂದಳು. ಅವಳ ಮೇಲ್ದುಟಿಯಲ್ಲಿ ಬೆವರಿತ್ತು. ಎಷ್ಟೋ ವರ್ಷಗಳಿಂದ ಕಾದ ಹೆಂಗಸು, ಈಗ ಒಂದು ಅಂಗೈಯಗಲದ ಮುಖದ ಎದುರು ಸೋಲುತ್ತಿದ್ದಳು.

"ನಿಮ್ಮ ಅಕ್ಕೋರಾಗಿದ್ರೆ ಇಷ್ಟೊತ್ತಿಗೆ ಮುಗಿಸ್ತಿದ್ರು," ಅಂದರು ಅತ್ತೆ, ಭಾಮಿನಿಗೆ.

ಆ ಮಾತು ನಾಟಬೇಕಾದಲ್ಲೇ ನಾಟಿತು.

ಭಾಮಿನಿ ನೆಟ್ಟಗೆ ಅಡುಗೆಮನೆಗೆ ಹೋದಳು. "ನೇತ್ರಾ, ಎದೆಗಿಟ್ಟುಕೊಂಡ ಬಟ್ಟೆ ಕೊಡು. ಕೂಸು ಅಳ್ತಾ ಇದೆ, ಸಮಾಧಾನ ಆಗ್ತದೆ."

ನೇತ್ರಾ ಹಿಂದುಮುಂದು ನೋಡಲಿಲ್ಲ. ಕೂಸು ಅಳುತ್ತಿದೆ ಅಂದಮೇಲೆ ಯಾರು ನೋಡುತ್ತಾರೆ? ಬೆನ್ನು ತಿರುಗಿಸಿ ತೆಗೆದುಕೊಟ್ಟಳು. ಬಟ್ಟೆ ಇನ್ನೂ ಬೆಚ್ಚಗಿತ್ತು.

ಭಾಮಿನಿ ಅದನ್ನು ಕೂಸಿನ ಪಕ್ಕ ಇಡಲಿಲ್ಲ. ಕುಸುಮಾಳ ಜರಿಸೆರಗಿನ ಅಡಿ, ಎದೆಯ ಹತ್ತಿರ, ಕಾಣದ ಹಾಗೆ ಸಿಕ್ಕಿಸಿದಳು.

ಕೂಸು ಬಾಗಿಲ ಕಡೆಯಿಂದ ಮುಖ ತಿರುಗಿಸಿತು. ಸೆರಗಿಗೆ ಮೂಗು ಒತ್ತಿತು. ಮುಷ್ಟಿ ಬಿಚ್ಚಿ ಜರಿಯಂಚು ಹಿಡಿಯಿತು. ಕುಸುಮಾಳ ಕಣ್ಣು ತುಂಬಿ ಬಂತು. ಕಿಟಕಿಯ ಬೆಳಕು ಅವರಿಬ್ಬರ ಮೇಲೆ, ಕರೆದು ಕೂರಿಸಿದ ಹಾಗೆ, ಬಿದ್ದಿತ್ತು.

ಭಾಮಿನಿ ಉಸಿರು ಹಿಡಿದು ಒತ್ತಿದಳು. ಅವಳು ಅಲ್ಲಿಯವರೆಗೆ ತೆಗೆದ ಫೋಟೋಗಳಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿರಲಿಲ್ಲ.

ತಲೆಯೆತ್ತಿದಾಗ ಅಡುಗೆಮನೆಯ ಬಾಗಿಲಲ್ಲಿ ನೇತ್ರಾ ನಿಂತಿದ್ದಳು. ರವಿಕೆಯ ಮೇಲೆ ಒದ್ದೆ ಹರಡುತ್ತಿತ್ತು. ಅವಳು ಅಳಲಿಲ್ಲ, ಕೂಗಲಿಲ್ಲ. "ಬಟ್ಟೆ ಅದಕ್ಕೆ ಅಂತ ಗೊತ್ತಿರ್ಲಿಲ್ಲ ಮೇಡಂ," ಅಂದಳು, ಅಷ್ಟೇ.

ಹಡಗಿನಿಂದ ಉತ್ತರ ಬರಲು ತಡವಾಗಲಿಲ್ಲ. 'ಒಗ್ಗಿದೆ. ದೇವರು ದೊಡ್ಡವನು. ಕರೆದುಕೊಂಡು ಹೋಗು.' ಕುಸುಮಾ ಕೂಸಿನೊಡನೆ ರೈಲು ಹತ್ತಿದಳು.

ಭಾಮಿನಿ ಫೋಟೋವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಅಕ್ಕೋರ ಮುಂದಿಟ್ಟಳು. ಹೊಗಳಿಕೆಗೆ ಕಾದಳು.

ಅಕ್ಕೋರು ಬಹಳ ಹೊತ್ತು ನೋಡಿದರು. "ಹೆತ್ತವಳು ಯಾರು?"

"ಇದರಲ್ಲಿಲ್ಲ."

"ಹೌದು. ಉಳಿದವು ಎಲ್ಲಿ?"

"ಅಳಿಸಿದೆ. ಎಲ್ಲ ಹಾಳು. ಒಂದರಲ್ಲೂ ಕೂಸು ನೆಟ್ಟಗಿರ್ಲಿಲ್ಲ, ಹೊರಗೆ ನೋಡ್ತಿತ್ತು."

"ಹೊರಗಾ?"

"ಅಡುಗೆಮನೆ ಬಾಗಿಲ ಕಡೆ," ಅಂದಳು ಭಾಮಿನಿ. ನಡೆದದ್ದನ್ನೆಲ್ಲ ಹೇಳಿದಳು, ಹೇಳುತ್ತ ಹೇಳುತ್ತ ದನಿ ತಗ್ಗಿತು. ಕೊನೆಗೆ ಸಿಟ್ಟು ಬಂತು. "ಬಟ್ಟೆಯ ಉಪಾಯ ನೀವೇ ಕಲಿಸಿದ್ದಲ್ಲವಾ?"

"ನಾನೇ. ಕೂಸನ್ನು ಸಮಾಧಾನ ಮಾಡ್ಲಿಕ್ಕೆ ಕಲಿಸಿದ್ದು. ನೀನು ಯಾರನ್ನು ಸಮಾಧಾನ ಮಾಡಿದಿ?"

ಅಷ್ಟು ಹೇಳಿ ಅಕ್ಕೋರು ಫೋಟೋವನ್ನು ಗಾಜಿಲ್ಲದ ಆ ಹಳೆಯ ಚೌಕಟ್ಟಿಗೆ ಹಾಕಿದರು. ಗೋಡೆಗೆ ತೂಗಿಹಾಕಿದರು. ಭಾಮಿನಿಯ ಮೇಜಿನ ನೇರ ಎದುರಿಗೆ.

ಮರುವಾರ ಸ್ಟುಡಿಯೋಕ್ಕೆ ಕುಸುಮಾಳ ಫೋನು. ಹಿಂದೆ ಕೂಸಿನ ಅಳು, ಗಂಟಲು ಬಿದ್ದುಹೋದ ಅಳು.

"ಬಾಟಲಿ ಮುಟ್ಟೂದಿಲ್ಲ. ಆ ಬಟ್ಟೆಯನ್ನು ಬಾಟಲಿಗೆ ಸುತ್ತಿದ್ರೆ ಮಾತ್ರ ಕುಡೀತಿತ್ತು. ಈಗ ಅದರ ವಾಸನೆ ಹೋಯ್ತು. ನೇತ್ರಾನ ಹತ್ರ ಇನ್ನೊಂದು ಇಸ್ಕೊಂಡು ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸ್ತೀರಾ?"

"ನೀವೇ ಕೇಳಬಹುದಲ್ಲ?"

ಆ ಕಡೆ ಈಗ ಎರಡು ದನಿಗಳ ಅಳು. "ನಾನು ಯಾವ ಬಾಯಲ್ಲಿ ಕೇಳ್ಲಿ?"

ಭಾಮಿನಿ ಅಕ್ಕೋರ ಮುಖ ನೋಡಿದಳು. ಅಕ್ಕೋರು ಬಾಗಿಲ ಕಡೆ ಕೈ ತೋರಿಸಿದರು. ಅವಳು ಅಭ್ಯಾಸಬಲದಿಂದ ಕ್ಯಾಮೆರಾ ಚೀಲಕ್ಕೆ ಕೈ ಹಾಕಿದಳು.

"ಅದು ಬೇಡ," ಅಂದರು ಅಕ್ಕೋರು.

ನೇತ್ರಾ ಹಿತ್ತಲಲ್ಲಿ ಮಲ್ಲಿಗೆ ಗಿಡದ ಬುಡಕ್ಕೆ ಲೋಟದಿಂದ ಏನನ್ನೋ ಸುರಿಯುತ್ತಿದ್ದಳು. ಹಿಂಡಿದ ಹಾಲು. ಭಾಮಿನಿಯನ್ನು ಕಂಡು ಲೋಟ ಕೆಳಗಿಟ್ಟಳು.

"ಕುಸುಮಕ್ಕ ಕೇಳಿದ್ದಾ?"

ಭಾಮಿನಿ ಹೌದೆಂದು ತಲೆಯಾಡಿಸಿದಳು.

ನೇತ್ರಾ ಒಳಗೆ ಹೋಗಿ ಬಂದಳು. ಬಟ್ಟೆ ಆಗಲೇ ಮಡಚಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಯಿ ಕಟ್ಟಿ ಇಟ್ಟಿತ್ತು. ಯಾರಾದರೂ ಬರುತ್ತಾರೆಂದು ಅವಳಿಗೆ ಗೊತ್ತಿತ್ತು.

"ಬಿಸಿಲಿಗೆ ಇಡಬೇಡಿ. ಹಾಲು ಬತ್ತಲಿಕ್ಕೆ ಅತ್ತೆ ಮಾತ್ರೆ ತರಿಸಿಕೊಟ್ಟಿದ್ದಾರೆ. ನಾನು ನುಂಗ್ಲಿಲ್ಲ. ಆದರೂ ಕುಡಿಯುವ ಬಾಯಿ ಇಲ್ಲದೆ ಎಷ್ಟು ದಿನ ಬಂದೀತು? ಬರುವಷ್ಟು ದಿನ ಕೊಡ್ತೇನೆ."

ಭಾಮಿನಿ ಕವರು ಹಿಡಿದು ತಿರುಗಿದಳು.

"ಮೇಡಂ," ಅಂದಳು ನೇತ್ರಾ ಹಿಂದಿನಿಂದ. "ಅವತ್ತು ಕೂಸು ಬಾಗಿಲ ಕಡೆ ನೋಡಿತ್ತಲ್ಲ. ಆ ಫೋಟೋ ಒಂದು ಇದೆಯಾ?"

ಭಾಮಿನಿ ಮಲ್ಲಿಗೆ ಗಿಡ ನೋಡಿದಳು.

"ಇಲ್ಲದಿದ್ರೆ ಬೇಡ," ಅಂದಳು ನೇತ್ರಾ.

ಸ್ಟುಡಿಯೋಕ್ಕೆ ಮರಳಿದಾಗ ಅಕ್ಕೋರು ಹೊಳೆಯ ಕಡೆಯ ಕಿಟಕಿ ಮುಚ್ಚುತ್ತಿದ್ದರು. ಭಾಮಿನಿ ಕವರನ್ನು ಎದೆಗವಚಿ ಹೊಸ್ತಿಲಲ್ಲೇ ನಿಂತಳು. ಎದುರು ಗೋಡೆಯ ಮೇಲೆ ಅವಳು ತೆಗೆದ ಫೋಟೋ, ಕುಸುಮಾಳ ಸೆರಗು ಹಿಡಿದ ಕೂಸು.

"ಅಕ್ಕೋರೇ, ಇದರ ವಾಸನೆಯೂ ಹೋಗ್ತದೆ. ಅವಳ ಹಾಲೂ ಬತ್ತುತ್ತದೆ. ಆಮೇಲೆ ಕೂಸು ಅಮ್ಮನ ಗುರುತು ಹ್ಯಾಗೆ ಹಿಡೀತದೆ?"

ಅಕ್ಕೋರು ಚಿಲಕ ಹಾಕಿದರು. ಅವಳ ಕೈಯಿಂದ ಕವರು ತೆಗೆದುಕೊಂಡು, ಗಂಟು ಬಿಗಿಯಾಗಿದೆಯೇ ಎಂದು ನೋಡಿ, ಮತ್ತೆ ಅವಳ ಕೈಗೇ ಕೊಟ್ಟರು.

"ನೀನು ತೆಗೆದ ಫೋಟೋ ನೋಡಿ."