ಪುನುಗು ಬೆಕ್ಕಿನ ಎರಡನೆಯ ಡಿಸ್ಕ್

ಒಂದು ಕಾಡಿನಲ್ಲಿ ಪರಿಮಳಪ್ಪ ಎಂಬ ಪುನುಗು ಬೆಕ್ಕು ಇದ್ದ. ಮೈತುಂಬ ಘಮಘಮ, ಬಾಯಿತುಂಬ ಬಡಾಯಿ. ಕಾಡಿನ ಕಂಪ್ಯೂಟರನ್ನು ಮುಟ್ಟುವ ಯೋಗ್ಯತೆ ತನಗೊಬ್ಬನಿಗೇ ಎಂದು ಅವನು ನಂಬಿದ್ದ. ಪಾಪ, ಉಳಿದವರೂ ನಂಬಿದ್ದರು.

ಬೇಸಿಗೆಯಲ್ಲೂ ಬತ್ತದ ಒರತೆಗಳ ದಾರಿ ಗೊತ್ತಿದ್ದದ್ದು ಒಂದು ಮುದಿ ಆಮೆಗೆ ಮಾತ್ರ. ಸಾಯುವ ಮೊದಲು ಅದು ದಾರಿಯನ್ನೆಲ್ಲ ಹೇಳಿ ಆ ಕಂಪ್ಯೂಟರಿಗೆ ತುಂಬಿಸಿತ್ತು. ಒಳಗಿನ ಡಿಸ್ಕ್ ಕೆಟ್ಟರೆ ಗತಿಯೇನು ಎಂದು ಹಿರಿಯ ಆನೆ ದೊಡ್ಡವ್ವನಿಗೆ ಚಿಂತೆ. ಅವಳು ಇನ್ನೊಂದು ಡಿಸ್ಕ್ ತರಿಸಿಕೊಟ್ಟು, ಒಂದರಲ್ಲಿ ಬರೆದದ್ದು ಎರಡರಲ್ಲೂ ಇರುವಂತೆ ಮಾಡಲು ಪರಿಮಳಪ್ಪನಿಗೆ ಹೇಳಿದಳು.

ಹೊಳೆಯುವುದನ್ನು ಕಂಡರೆ ಬಾಯಿ ಬಿಡುವ ಒಂದು ಕೋತಿಯಿತ್ತು. ಪರಿಮಳಪ್ಪ ಹೊಸ ಡಿಸ್ಕನ್ನು ಗುಟ್ಟಾಗಿ ಅದಕ್ಕೆ ದಾಟಿಸಿ, ಒಂದು ಹಲಸಿನ ಹಣ್ಣು ಗಿಟ್ಟಿಸಿಕೊಂಡ. ಆಮೇಲೆ ಹಳೆಯ ಡಿಸ್ಕನ್ನೇ ಸಾಫ್ಟ್‌ವೇರಿನಲ್ಲಿ ಎರಡು ಭಾಗ ಮಾಡಿ, ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು, ಒಂದರ ಪ್ರತಿಯನ್ನು ಇನ್ನೊಂದರಲ್ಲಿಟ್ಟ. ಪರದೆಯ ಮೇಲೆ ಎರಡು ಹೆಸರು ಕಂಡದ್ದೇ ತಡ, ಕಾಡೆಲ್ಲ ತಲೆದೂಗಿತು. ದೊಡ್ಡವ್ವ ಮಾತ್ರ, ಒಂದನ್ನು ಕಳಚಿ ಇನ್ನೊಂದು ನಡೆಯುತ್ತದೆಯೇ ನೋಡೋಣ ಎಂದಳು.

“ನನ್ನ ಕೆಲಸದ ಮೇಲೆ ಅನುಮಾನವೇ, ದೊಡ್ಡವ್ವಾ? ಹಾಗಾದರೆ ನೀವೇ ಮಾಡಿಕೊಳ್ಳಿ,” ಎಂದು ಪರಿಮಳಪ್ಪ ಮುಖ ಊದಿಸಿದ.

ಕಂಪ್ಯೂಟರ್ ಬಲ್ಲವರು ಬೇರೆ ಯಾರಿದ್ದಾರೆ ಎಂದುಕೊಂಡು ದೊಡ್ಡವ್ವ ಪರೀಕ್ಷೆಯ ಮಾತು ಬಿಟ್ಟಳು. ಎಂಥ ಪೆದ್ದರಪ್ಪ ಇವರು ಎಂದು ಅವನು ಒಳಗೊಳಗೇ ನಕ್ಕ. ಬೇಸಿಗೆಯಲ್ಲಿ ತನಗೂ ಬಾಯಾರುತ್ತದೆ ಎಂಬುದು ಆ ಮಹಾ ಬುದ್ಧಿವಂತನಿಗೆ ಹೊಳೆಯಲೇ ಇಲ್ಲ.

ಬೇಸಿಗೆ ಬಂತು. ಕೆರೆ ಬತ್ತಿತು. ಅದೇ ಹೊತ್ತಿಗೆ ಡಿಸ್ಕ್ ಕಟಕಟ ಸದ್ದು ಮಾಡಿ ಸತ್ತುಹೋಯಿತು. ಎರಡು ಹೆಸರೂ ಒಟ್ಟಿಗೇ ಮಾಯವಾದವು. ಎರಡನೆಯ ಡಿಸ್ಕ್ ಎಲ್ಲಿ ಎಂದು ಎಲ್ಲರೂ ಕೇಳಿದರೆ, ಪರಿಮಳಪ್ಪ ಮೀಸೆ ತೀಡುತ್ತಾ ಯಾರಿಗೂ ಅರ್ಥವಾಗದ ಪದಗಳನ್ನು ಉದುರಿಸಿದ. ಅಷ್ಟರಲ್ಲಿ ಬಾಯಾರಿದ ಕೋತಿ ಮರದಿಂದಿಳಿದು, ತನ್ನ ಬಳಿಯಿದ್ದ ಡಿಸ್ಕನ್ನು ಮುಂದಿಟ್ಟು, ಹಲಸಿನ ಹಣ್ಣಿನ ಕಥೆಯನ್ನೂ ಹೇಳಿಬಿಟ್ಟಿತು. ಆಸೆಯಿಂದ ಜೋಡಿಸಿ ನೋಡಿದರು. ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ದೊಡ್ಡವ್ವ ಗಾಳಿಯಲ್ಲಿ ನೀರಿನ ವಾಸನೆ ಹಿಡಿದು, ಮರಿಗಳನ್ನು ಮುಂದೆ ಮಾಡಿಕೊಂಡು, ಎಲ್ಲೋ ದೂರದ ಹೊಳೆಯತ್ತ ಹೊರಟಳು. ನಡೆಯಲಾರದ ಪುಟ್ಟ ಪ್ರಾಣಿಗಳೆಲ್ಲ ಅವಳ ಬೆನ್ನೇರಿದವು. ನಾಚಿಕೆಗೆಟ್ಟ ಪರಿಮಳಪ್ಪನೂ ಹತ್ತಲು ಬಂದ. ಅವಳು ಸೊಂಡಿಲಿನಿಂದ ಅವನನ್ನು ಮೆಲ್ಲಗೆ ಕೆಳಗಿಳಿಸಿದಳು.

“ನೀನು ಇಲ್ಲೇ ಇರಪ್ಪ. ನಿನ್ನ ಹತ್ತಿರ ಎರಡು ಪ್ರತಿ ಇವೆಯಲ್ಲ, ಬಾಯಾರಿದಾಗ ಒಂದೊಂದಾಗಿ ಕುಡಿ.”

ಕಾಡು ಖಾಲಿಯಾಯಿತು. ಪರಿಮಳಪ್ಪ ಒಣಗಿದ ಕೆರೆಯಂಗಳದಲ್ಲಿ ಕೂತು ತುಟಿ ನೆಕ್ಕಿಕೊಂಡ.

ನೀತಿ: ಎರಡು ಹೆಸರಿಟ್ಟ ಮಾತ್ರಕ್ಕೆ ಒಂದು ವಸ್ತು ಎರಡಾಗುವುದಿಲ್ಲ, ಎಲ್ಲರ ಆಸರೆಯನ್ನು ಕದ್ದು ತಿಂದವನು ತನ್ನ ಆಸರೆಯನ್ನೂ ತಿಂದಿರುತ್ತಾನೆ.