ಗಿರಣಿ ಹಿಂದಿನ ಕಲ್ಲುಬೆಂಚು

"ಅವ್ವಾ, ಒಬ್ಬರ ಕಷ್ಟ ನನ್ನ ಕಣ್ಣಿಗೆ ಬಿದ್ದಿದೆ. ಅವರು ಬಾಯಿ ಬಿಟ್ಟು ಕೇಳಿಲ್ಲ. ಕೇಳದಿದ್ದರೂ ನಾನಾಗಿ ಅದನ್ನು ನೀಗಿಸಬಹುದೇ?"

ಹೀಗೆ ಕೇಳಿದವನು ಮಠದ ಕಿರಿಯ ಶಿಷ್ಯ. ಕಟ್ಟಡದ ವಿದ್ಯೆ ಕಲಿತು ಬಂದವನು. ಊಟ ಬಡಿಸುವ ಹೊಸ ದಾಸೋಹದ ಮನೆಗೆ ನಕ್ಷೆ ಬರೆಯುವ ಕೆಲಸವನ್ನು ಮಠದ ಹಿರಿಯರಾದ ಅವ್ವನವರು ಅವನಿಗೇ ಒಪ್ಪಿಸಿದ್ದರು. ಬರೆಯುವ ಮೊದಲು ಯಾರು ಎಲ್ಲಿ ಕೂರುತ್ತಾರೆ, ಹೇಗೆ ಉಣ್ಣುತ್ತಾರೆ ಎಂದು ತಿಂಗಳುಗಟ್ಟಲೆ ನೋಡಿದ್ದ. ನೋಡಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಸಂಜೆ ನಾವೆಲ್ಲ ಸೇರಿದ್ದ ಹೊತ್ತಿನಲ್ಲೇ ಮಾತು ಮುಂದುವರಿಸಿದ.

"ನಮ್ಮಲ್ಲೇ ಒಬ್ಬರು ಪಂಕ್ತಿಯಲ್ಲಿ ಕೂರುವುದಿಲ್ಲ. ತಟ್ಟೆ ಹಿಡಿದು ಸೌದೆ ಕೊಟ್ಟಿಗೆಯ ಹಿಂದೆ ಹೋಗಿ, ಗೋಡೆಗೆ ಮುಖ ಮಾಡಿ ಉಣ್ಣುತ್ತಾರೆ. ಅವರಿಗೆಂದೇ ಹೊಸ ಮನೆಯಲ್ಲಿ ಒಂದು ಒಳ್ಳೆಯ ಜಾಗ ಮಾಡೋಣ ಅಂತ."

ಯಾರು ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಾವಾಗಲೇ ಕತ್ತು ಹೊರಳಿಸಿ ಹುಡುಕತೊಡಗಿದ್ದೆವು. ಅವರೇ ಇರಬೇಕು, ಅಲ್ಲ ಇವರು ಎಂದು ಮೊಣಕೈಯಲ್ಲಿ ಒಬ್ಬರನ್ನೊಬ್ಬರು ತಿವಿದುಕೊಂಡೆವು.

ಅವ್ವ ಅಡಕತ್ತರಿ ಕೆಳಗಿಟ್ಟರು.

"ಉತ್ತರ ಆಮೇಲೆ. ಮೊದಲು ಎಲ್ಲರೂ ಇತ್ತ ತಿರುಗಿ. ನನ್ನ ಮುಖ ನೋಡಿ. ಒಂದು ಮನೆಯ ಮಾನ ಬೀದಿಗೆ ಬಂದ ಕತೆ ಇದೆ, ಹೇಳುತ್ತೇನೆ."

ಮಾನ ಬೀದಿಗೆ ಬಂದ ಕತೆ ಎಂದ ಮೇಲೆ ಇನ್ನು ಯಾರು ಅತ್ತ ನೋಡುತ್ತಾರೆ? ಎಲ್ಲರೂ ಅವ್ವನ ಹತ್ತಿರಕ್ಕೆ ಸರಿದು ಕುಳಿತೆವು. ಅವ್ವ ಹೇಳಿದ್ದು ಇದು.

ಒಬ್ಬ ವಿದ್ಯಾರ್ಥಿ ಇದ್ದ. ಅವನೂ ಕಟ್ಟಡದ ವಿದ್ಯೆಯವನೇ. ಓದಿನ ಕಡೆಯ ವರ್ಷ ಅವನ ಮೇಷ್ಟರು ಒಂದು ಕೆಲಸ ಕೊಟ್ಟರು. ಒಬ್ಬೊಬ್ಬರು ಒಂದೊಂದು ಊರಿಗೆ ಹೋಗಿ, ಆ ನೆಲ ನೋಡಿ, ಆ ಜನರನ್ನು ನೋಡಿ, ಅವರಿಗೆ ಏನು ಬೇಕೋ ಅದನ್ನು ಬರೆದು ತನ್ನಿ ಎಂದರು. ಉಳಿದ ಹುಡುಗರು ಕಟ್ಟೆಯ ಮೇಲೆ ಕೂತ ಗಂಡಸರನ್ನು ಕೇಳಿದರು. ಕಟ್ಟೆಯ ಮೇಲೆ ಕೂತವರಿಗೆ ಬೇಕಾದದ್ದು ಇನ್ನೂ ದೊಡ್ಡ ಕಟ್ಟೆ. ಹುಡುಗರು ಅದನ್ನೇ ಬರೆದುಕೊಂಡು ಹೋದರು.

ಈ ವಿದ್ಯಾರ್ಥಿ ಹಾಗಲ್ಲ. ಯಾರನ್ನೂ ಕೇಳಲಿಲ್ಲ. ಊರಿನಲ್ಲೇ ಒಂದು ಕೋಣೆ ಹಿಡಿದು ಇದ್ದು, ಸುಮ್ಮನೆ ನೋಡಿದ. ಯಾರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ, ಯಾವ ಓಣಿಯಲ್ಲಿ ಹೆಜ್ಜೆ ನಿಧಾನ ಮಾಡುತ್ತಾರೆ, ಎಲ್ಲ ನೋಡಿದ. ಅವನಲ್ಲಿ ಕೆಟ್ಟದ್ದು ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನಾಗಿದ್ದರೆ ಊರವರು ಎಚ್ಚರವಾಗಿರುತ್ತಿದ್ದರು.

ಆ ಊರಿನಲ್ಲಿ ಒಂದು ಹಿಟ್ಟಿನ ಗಿರಣಿ. ಒಂದು ದೊಡ್ಡ ಮನೆಯ ಸೊಸೆ ಜೋಳದ ಬುಟ್ಟಿ ಹೊತ್ತು ಅಲ್ಲಿಗೆ ಬರುತ್ತಿದ್ದಳು. ಬುಟ್ಟಿಯನ್ನು ಗಿರಣಿಯವನ ಮುಂದೆ ಇಟ್ಟು ಗಿರಣಿಯ ಹಿಂದಕ್ಕೆ ಹೋಗುತ್ತಿದ್ದಳು. ಅಲ್ಲಿ ಸವೆದು ಬಿಸಾಡಿದ ಒಂದು ಗಿರಣಿ ಕಲ್ಲು ಬಿದ್ದಿತ್ತು. ಅದರ ಮೇಲೆ ಕೂತು ಕಾಲು ಚಾಚುತ್ತಿದ್ದಳು. ಅಷ್ಟೇ. ಅಳುತ್ತಿರಲಿಲ್ಲ, ಹಾಡುತ್ತಿರಲಿಲ್ಲ, ಯಾರನ್ನೂ ಕಾಯುತ್ತಿರಲಿಲ್ಲ. ಗಿರಣಿಯ ಸದ್ದಿನಲ್ಲಿ ಯಾರು ಕೂಗಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಹಿಟ್ಟು ಆರುವವರೆಗೆ ಕೂತಿದ್ದು, ಮನೆಗೆ ಹೋಗಿ, ಗಿರಣಿಯಲ್ಲಿ ಬಹಳ ಜನ, ಗದ್ದಲವಿತ್ತು, ಸರದಿ ಬರಲು ತಡವಾಯಿತು ಎಂದು ಅತ್ತೆಗೆ ಹೇಳುತ್ತಿದ್ದಳು. ಆ ಮನೆಯಲ್ಲಿ ಅವಳು ಕೂತದ್ದನ್ನು ಕಂಡವರಿಲ್ಲ. ಒಬ್ಬರಿಗೆ ಬಿಸಿನೀರು, ಇನ್ನೊಬ್ಬರಿಗೆ ಬಿಸಿರೊಟ್ಟಿ, ಮತ್ತೊಬ್ಬರ ಕಾಲಿಗೆ ಎಣ್ಣೆ. ಗದ್ದಲವೆಂಬ ಆ ಒಂದು ಸುಳ್ಳು, ಅದೇ ಅವಳ ಆಸ್ತಿ.

ವಿದ್ಯಾರ್ಥಿ ಅವಳನ್ನು ಕಂಡ. ಮರುಗಿದ. ಪಾಪ, ಸವೆದ ಕಲ್ಲಿನ ಮೇಲೆ ಕೂರುತ್ತಾರೆ, ತಲೆಯ ಮೇಲೆ ನೆರಳಿಲ್ಲ ಎಂದುಕೊಂಡ. ಆ ಜಾಗಕ್ಕೆ ಒಂದು ಕಲ್ಲುಬೆಂಚು, ಮೇಲೆ ಹೆಂಚಿನ ಸೂರು, ಪಕ್ಕದಲ್ಲಿ ಬೇವಿನ ಸಸಿ ಬರೆದ.

ಆಮೇಲೆ ರಟ್ಟು ಕತ್ತರಿಸಿ ಬೆಂಕಿಪೊಟ್ಟಣದಷ್ಟು ಮನೆಗಳನ್ನು ಮಾಡಿ ಇಡೀ ಊರನ್ನು ಒಂದು ಹಲಗೆಯ ಮೇಲೆ ನಿಲ್ಲಿಸಿದ. ಆ ವಿದ್ಯೆಯವರಲ್ಲಿ ಒಂದು ರೂಢಿ. ಕಟ್ಟಡ ಎಷ್ಟು ದೊಡ್ಡದೆಂದು ತಿಳಿಯಲಿ ಎಂದು ಪಕ್ಕದಲ್ಲಿ ಕಾಗದದ ಮನುಷ್ಯರನ್ನು ಅಂಟಿಸುತ್ತಾರೆ. ಬೇರೆಯವರಾದರೆ ಕಣ್ಣುಮೂಗಿಲ್ಲದ ಬಿಳಿ ಗೊಂಬೆ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಇವನು ತಾನು ಕಂಡವರನ್ನೇ, ಕಂಡ ಹಾಗೆಯೇ ಬಣ್ಣ ಹಚ್ಚಿ, ಕಂಡ ಜಾಗದಲ್ಲೇ ಅಂಟಿಸಿದ. ಪರೀಕ್ಷೆಗೆ ಒಯ್ಯುವ ಮೊದಲು ಊರವರೂ ನೋಡಲಿ ಎಂದು ಪಂಚಾಯಿತಿ ಕಚೇರಿಯ ಮುಂದೆ ಮೇಜು ಹಾಕಿಸಿ ಇಟ್ಟ.

ಊರಿಗೆ ಊರೇ ಆ ಹಲಗೆಯ ಮೇಲೆ ಬಗ್ಗಿತು.

"ಅಯ್ಯ, ಇವನು ನಾನೇ!" ಎಂದ ಒಬ್ಬ ಅಂಗಡಿಯವನು.

"ನೀವೇ. ಹೊಟ್ಟೆಗೆ ಮಾತ್ರ ಕಾಗದ ಸಾಲಲಿಲ್ಲ ಅಂತ ಕಾಣುತ್ತದೆ," ಎಂದಳು ಅವನ ಹೆಂಡತಿ.

ಎಲ್ಲರೂ ನಕ್ಕರು. ಎಲ್ಲರೂ ತಮ್ಮನ್ನು ತಾವೇ ಹುಡುಕಿಕೊಂಡರು. ತಮ್ಮನ್ನು ಹುಡುಕಿ ಮುಗಿದ ಮೇಲೆ ಜನ ಏನು ಹುಡುಕುತ್ತಾರೆ? ಬೇರೆಯವರನ್ನು. ಒಬ್ಬ ಮುದುಕಿ ಕನ್ನಡಕ ಸರಿಮಾಡಿಕೊಂಡಳು. ಅಂಥ ಮುದುಕಿ ಪ್ರತಿ ಊರಿನಲ್ಲೂ ಒಬ್ಬಳು ಇರುತ್ತಾಳೆ. ನನ್ನನ್ನೇನು ಹಾಗೆ ನೋಡುತ್ತೀರಿ?

"ಗಿರಣಿ ಹಿಂದೆ ಒಬ್ಬಳೇ ಕೂತಿದ್ದಾಳಲ್ಲ, ನೀಲಿ ಸೀರೆ, ಕೆಂಪು ಅಂಚು, ಇವಳು ಯಾರಪ್ಪಾ?"

ವಿದ್ಯಾರ್ಥಿಗೆ ಹಿಗ್ಗು. ಇದನ್ನೇ ಯಾರಾದರೂ ಕೇಳಲಿ ಎಂದು ಕಾದಿದ್ದ.

"ಹೆಸರು ಗೊತ್ತಿಲ್ಲ ಅಜ್ಜಿ. ಜೋಳ ತಂದಾಗಲೆಲ್ಲ ಇಲ್ಲಿ ಬಂದು ಕೂರುತ್ತಾರೆ. ಈ ಬೆಂಚು ಅವರಿಗೇ."

"ಒಬ್ಬಳಿಗೆ ಇಷ್ಟುದ್ದದ ಬೆಂಚೇ?"

"ಇಬ್ಬರು ಕೂರಬಹುದು."

ಇಬ್ಬರು! ಕಾಗದದ ಹೆಣ್ಣು ಒಬ್ಬಳೇ ಇದ್ದಳು. ಇನ್ನೊಬ್ಬನನ್ನು ಊರವರೇ ಮಾಡಿಕೊಂಡರು. ಹೆಂಡತಿ ಸತ್ತ ಗಿರಣಿಯವನೇ ಎಂದರು ಕೆಲವರು. ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಎಂದರು ಇನ್ನು ಕೆಲವರು. ಆ ಬಸ್ಸು ಗಿರಣಿಯ ಹತ್ತಿರ ನಿಲ್ಲುವುದೇ ಇಲ್ಲವಲ್ಲ ಎಂದರೆ, ಅದಕ್ಕೇ ನಮಗೆ ಅನುಮಾನ ಎಂದರು. ಹೊತ್ತು ಮುಳುಗುವುದರೊಳಗೆ, ಜನ್ಮದಲ್ಲಿ ಗಿರಣಿಯ ಹಿಂದೆ ಕಾಲಿಡದ ಗಂಡಸರೂ ತಮ್ಮ ಹೆಸರು ಬಂತೇ ಎಂದು ಗುಟ್ಟಾಗಿ ವಿಚಾರಿಸಿಕೊಂಡರು. ಬಂದಿಲ್ಲ ಎಂದು ತಿಳಿದವರಿಗೆ ಸ್ವಲ್ಪ ಬೇಸರವೂ ಆಯಿತು.

ಆ ಸೀರೆಯನ್ನು ಊರೆಲ್ಲ ಬಲ್ಲದು. ಅತ್ತೆಯೂ ಅದೇ ಗುಂಪಿನಲ್ಲಿದ್ದಳು. ಅವಳು ಕೂಗಾಡಲಿಲ್ಲ. ಮುಂದೆ ಬಂದು ಒಂದೇ ಮಾತು ಕೇಳಿದಳು.

"ಆ ಹೊತ್ತಿಗೆ ಗಿರಣಿಯಲ್ಲಿ ಬಹಳ ಗದ್ದಲ ಇರುತ್ತದೆ, ಅಲ್ಲವೇ ತಮ್ಮಾ?"

ವಿದ್ಯಾರ್ಥಿ ಸುಳ್ಳು ಹೇಳುವವನಲ್ಲ.

"ಇಲ್ಲಮ್ಮ. ಆಗ ಯಾರೂ ಇರುವುದಿಲ್ಲ. ನಾನೇ ನೋಡಿದ್ದೇನೆ."

ಅತ್ತೆ ತಲೆಯಾಡಿಸಿ, ಸೆರಗು ಹೊದ್ದು, ಮನೆಯ ಕಡೆ ನಡೆದಳು.

ವಿದ್ಯಾರ್ಥಿಗೆ ಏನೂ ತಿಳಿಯಲಿಲ್ಲ. ಹಲಗೆ ಎತ್ತಿಕೊಂಡು ಹೋದ. ಪರೀಕ್ಷೆ ಮಾಡಲು ಬಂದ ದೊಡ್ಡವರು ಉಳಿದದ್ದನ್ನೆಲ್ಲ ಬಿಟ್ಟು ಆ ಕಾಗದದ ಹೆಣ್ಣನ್ನೇ ಮೆಚ್ಚಿದರು. ಎಂಥ ಕಣ್ಣಪ್ಪ ನಿನ್ನದು ಎಂದು ಮೊದಲ ಬಹುಮಾನ ಕೊಟ್ಟರು. ಆ ಊರಿನ ಒಬ್ಬ ವ್ಯಾಪಾರಿ ಅದನ್ನು ಪೇಪರಿನಲ್ಲಿ ಓದಿ, ತನ್ನ ತಂದೆಯ ಹೆಸರು ಕೆತ್ತಿಸುವುದಾದರೆ ಆಗಲಿ ಎಂದು ಬೆಂಚು ಕಟ್ಟಿಸಿದ.

ಮರುವರ್ಷ ವಿದ್ಯಾರ್ಥಿ ನೋಡಲು ಬಂದ. ಎಲ್ಲವೂ ಬರೆದಂತೆಯೇ ಇತ್ತು. ಸೂರು ಇತ್ತು. ಬೇವು ಚಿಗುರಿತ್ತು. ಸವೆದ ಕಲ್ಲನ್ನು ಎತ್ತಿ ಆಚೆ ಹಾಕಿದ್ದರು. ಬೆಂಚಿನ ಮೇಲೆ ಮಾತ್ರ ಹಿಟ್ಟಿನ ಧೂಳು ದಪ್ಪಗೆ ಕೂತಿತ್ತು. ಯಾರಾದರೂ ಬಂದು ಕೂರಲಿ ಎಂದು ಅವನು ಮಧ್ಯಾಹ್ನದವರೆಗೆ ಕಾದ. ಯಾರೂ ಬರಲಿಲ್ಲ. ಬರುವವರಾದರೂ ಯಾರು? ಅಲ್ಲಿ ಕೂತ ಹೆಂಗಸಿನ ಪಕ್ಕದಲ್ಲಿ ಇನ್ನೊಬ್ಬರ ಜಾಗ ಖಾಲಿ ಇರುತ್ತದೆ. ಅದು ಯಾರಿಗೆಂದು ಊರು ಕೇಳುತ್ತದೆ. ಶಾಲೆಗೆ ಹೋಗುವ ಹೆಣ್ಣುಮಕ್ಕಳು ಸಹ ಆ ಗೋಡೆ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದರು.

ಅವನು ವಿಚಾರಿಸಿಕೊಂಡು ಆ ಮನೆಗೆ ಹೋದ. ಅತ್ತೆ ಆದರದಿಂದ ಒಳಗೆ ಕರೆದಳು.

"ಬಾ ತಮ್ಮಾ, ಬಾ. ನೀನು ನಮ್ಮ ಕಣ್ಣು ತೆರೆಸಿದವನು. ನೋಡು, ಈಗ ಹೊರಗೆ ಹೋಗುವ ತಾಪತ್ರಯವೇ ಇಲ್ಲ."

ಅಡುಗೆಮನೆಯ ಬಾಗಿಲಲ್ಲಿ ಕರೆಂಟಿನ ಒಂದು ಸಣ್ಣ ಗಿರಣಿ ಇತ್ತು. ಹೊಸದು. ಅತ್ತೆ ಕೂರುವ ಜಾಗಕ್ಕೆ ಎದುರಾಗಿ ಇಟ್ಟಿದ್ದರು.

"ಇದರದು ಸದ್ದೇ ಇಲ್ಲ," ಎಂದು ಅತ್ತೆ ಹೊಗಳಿದಳು. "ಎಲ್ಲಿಂದ ಕೂಗಿದರೂ ಕೇಳಿಸುತ್ತದೆ."

ಸೊಸೆ ಚಹಾ ತಂದಳು. ನೀಲಿ ಸೀರೆ ಇರಲಿಲ್ಲ. ವಿದ್ಯಾರ್ಥಿ ಎದ್ದು ನಿಂತ. ಸೊಸೆ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಲೋಟವನ್ನು ಅವನ ಮುಂದೆ ಇಟ್ಟಳು.

"ಬೆಂಚು ಚೆನ್ನಾಗಿದೆಯಂತೆ," ಎಂದಳು. ಒಳಗೆ ಹೋದಳು.

ಅವನು ಆ ಚಹಾ ಕುಡಿದನೋ ಬಿಟ್ಟನೋ ನನಗೆ ಗೊತ್ತಿಲ್ಲ. ಬಸ್ಸು ಊರು ದಾಟುವವರೆಗೂ ತಲೆ ಎತ್ತಲಿಲ್ಲವಂತೆ. ಕಂಡಕ್ಟರ್ ಬಂದು ಟಿಕೆಟ್ ಕೇಳಿದಾಗಲೂ ಮುಖ ತೋರಿಸಲಿಲ್ಲವಂತೆ. ಅದೇ ಕಂಡಕ್ಟರ್.

ಅವ್ವ ಇಷ್ಟು ಹೇಳಿ ಅಡಕತ್ತರಿಯನ್ನು ಮತ್ತೆ ಕೈಗೆ ತೆಗೆದುಕೊಂಡರು. ಕಂಡಕ್ಟರನ ಮಾತಿಗೆ ನಗಲು ಹೊರಟವರು ಆ ನಗೆಯನ್ನು ನುಂಗಿಕೊಂಡೆವು. ಶಿಷ್ಯ ಕೂತಲ್ಲೇ ಕುಗ್ಗಿದ. ತೊಡೆಯ ಮೇಲಿದ್ದ ನಕ್ಷೆಯನ್ನು ಸುತ್ತಿದ. ಸುತ್ತಿದ್ದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ.

ಆಗ ಹಿಂದಿನ ಸಾಲಿನಲ್ಲಿ ಯಾರೋ ಎದ್ದ ಸದ್ದಾಯಿತು. ಚಾಪೆ ಸರಿಯಿತು. ಹೊರಬಾಗಿಲು ಮೆಲ್ಲಗೆ ತೆರೆದು, ಮೆಲ್ಲಗೆ ಮುಚ್ಚಿಕೊಂಡಿತು. ತಪ್ಪಾಯಿತು ಎಂದು ಹೇಳಲೋ ಏನೋ, ಶಿಷ್ಯನ ಕತ್ತು ಆ ಕಡೆ ಹೊರಳತೊಡಗಿತು.

"ತಿರುಗಿ ನೋಡಬೇಡ," ಎಂದರು ಅವ್ವ.