ಪಂಜು ಹಿಡಿದು ಬಂದ ಧರ್ಮತಂದೆ

"ಗುರುಗಳೇ, ಕತ್ತಿ ಹಿಡಿದವನ ಎದುರು ಬರಿಗೈಯವರು ಗೆಲ್ಲುವುದುಂಟೆ?" ಎಂದು ಶಿಷ್ಯ ಕೇಳಿದ.

ಈ ಪ್ರಶ್ನೆಗಾಗಿ ಬಹಳ ದಿನದಿಂದ ಕಾದಿದ್ದವರಂತೆ ಗುರುಗಳು ನೆಟ್ಟಗೆ ಕುಳಿತರು.

"ಉತ್ತರ ಆಮೇಲೆ. ಮೊದಲು ನೀನು ಒಂದು ಊಹೆ ಮಾಡು. ನೂರಾರು ವರ್ಷಗಳ ಹಿಂದೆ ಯುರೋಪಿನಲ್ಲಿ ಒಂದು ಊರು. ಗೋಧಿ ಮಾಗಿ ನಿಂತಿದೆ, ಇನ್ನೇನು ಕೊಯ್ಲು. ಅದನ್ನು ಸುಟ್ಟುಬಿಡಲು ಒಬ್ಬ ಒಡೆಯ ತನ್ನ ಸವಾರರ ಜೊತೆ ಪಂಜು ಹಿಡಿದು ಬಂದಿದ್ದಾನೆ. ಊರವರ ಹತ್ತಿರ ಕುಡುಗೋಲು ಬಿಟ್ಟರೆ ಬೇರೆ ಆಯುಧವಿಲ್ಲ. ಆದರೂ ಸಂಜೆಯ ಹೊತ್ತಿಗೆ ಒಂದು ತೆನೆಯೂ ಸುಟ್ಟಿರಲಿಲ್ಲ. ಏನಾಗಿರಬಹುದು, ಹೇಳು ನೋಡೋಣ."

"ಮಳೆ ಬಂದಿರಬೇಕು."

"ಒಂದು ಹನಿಯೂ ಬರಲಿಲ್ಲ."

"ಹಾಗಾದರೆ ಅವರ ರಾಜ ಸೈನ್ಯ ಕಳಿಸಿರಬೇಕು."

"ರಾಜನಿಗೆ ಆ ಊರಿನ ಹೆಸರೇ ಗೊತ್ತಿರಲಿಲ್ಲ. ಸೋತೆಯಲ್ಲ? ಕೇಳು ಹಾಗಾದರೆ."

ಗುರುಗಳು ಕತೆ ಹೇಳಿದರು.

ಆ ಕಾಲದಲ್ಲಿ ಕೋಟೆಗೊಬ್ಬ ಒಡೆಯ. ಪಂಜು ಹಿಡಿದು ಬಂದ ಈ ಒಡೆಯನ ಹೆಸರು ಲ್ಯಾಂಬರ್ಟ್. ಇವನಿಗೂ ಪಕ್ಕದ ಕೋಟೆಯವನಿಗೂ ಹಗೆ. ಕೋಟೆಯ ಗೋಡೆ ಒಡೆಯುವುದು ಕಷ್ಟ. ಆ ಕೋಟೆಗೆ ಅನ್ನ ಹಾಕುವ ಊರನ್ನು ಸುಡುವುದು ಸುಲಭ. ಹೀಗಾಗಿ ಇಬ್ಬರು ಒಡೆಯರು ಜಗಳವಾಡಿದರೆ ಉರಿಯುತ್ತಿದ್ದದ್ದು ರೈತರ ಬೆಳೆ. ಬೆಳೆ ಹೋಯಿತೋ, ಚಳಿಗಾಲದಲ್ಲಿ ಮೊದಲು ಮಕ್ಕಳು ಸಾಯುತ್ತಿದ್ದರು, ಆಮೇಲೆ ಮುದುಕರು.

ಕುದುರೆಗಳನ್ನು ಕಂಡು ಊರವರೆಲ್ಲ ಚರ್ಚಿನೊಳಕ್ಕೆ ಓಡಿದರು. ಒಬ್ಬಳು ಸೂಲಗಿತ್ತಿ ಮಾತ್ರ ಓಡಲಿಲ್ಲ. ಹಿಂದಿನ ದಿನ ಹುಟ್ಟಿದ ಒಂದು ಗಂಡು ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದಾರಿಯ ನಡುವೆ ನಿಂತಳು.

ಇಲ್ಲಿ ಒಂದು ಪದ್ಧತಿಯನ್ನು ಹೇಳಲೇಬೇಕು. ಕೂಸಿಗೆ ಜ್ಞಾನಸ್ನಾನ ಮಾಡಿಸುವಾಗ, ಅಂದರೆ ಚರ್ಚಿನಲ್ಲಿ ತಲೆಗೆ ನೀರು ಹಾಕಿ ಹೆಸರಿಡುವಾಗ, ಅದನ್ನು ಎತ್ತಿಕೊಳ್ಳಲು ಒಬ್ಬ ಧರ್ಮತಂದೆ ಬೇಕು. ಮಕ್ಕಳು ಉಳಿಯದ ಮನೆಯವರು ಚರ್ಚಿನ ದಾರಿಯಲ್ಲಿ ಮೊದಲು ಎದುರಾದವನನ್ನೇ ಆ ಕೆಲಸಕ್ಕೆ ಕರೆಯುತ್ತಿದ್ದರು. ಕರೆದರೆ ಇಲ್ಲ ಎನ್ನುವಂತಿಲ್ಲ. ಎತ್ತಿಕೊಂಡವನು ಅಂದಿನಿಂದ ಆ ಕೂಸಿನ ತಂದೆಗೆ ಒಡಹುಟ್ಟಿದವನ ಸಮಾನ. ಆ ಮನೆಗೆ ಕೇಡು ಮಾಡಿದರೆ ಅವನನ್ನು ಚರ್ಚಿನಿಂದ ಹೊರಗೆ ಹಾಕುತ್ತಿದ್ದರು. ಹೊರಗೆ ಹಾಕಿಸಿಕೊಂಡ ಒಡೆಯನ ಮಾತನ್ನು ಅವನ ಆಳುಗಳೂ ಕೇಳಬೇಕಾಗಿರಲಿಲ್ಲ.

"ಒಡೆಯರೇ, ಈ ಕೂಸಿನ ಮನೆಯಲ್ಲಿ ಹುಟ್ಟಿದ್ದು ಯಾವುದೂ ಉಳಿದಿಲ್ಲ. ದಾರಿಯಲ್ಲಿ ಮೊದಲು ಎದುರಾದವರು ನೀವು," ಎಂದಳು ಸೂಲಗಿತ್ತಿ.

"ಯಾಕೆ ಮುದುಕಿ, ನಿಮ್ಮ ಊರಿನಲ್ಲಿ ಗಂಡಸರೇ ಇಲ್ಲವೆ?"

"ಇದ್ದರು. ನೀವು ಬಂದದ್ದಕ್ಕೆ ಓಡಿಹೋದರು. ಉಳಿದ ಗಂಡಸು ನೀವೊಬ್ಬರೇ."

ಸವಾರರು ನಕ್ಕರು. "ಪಂಜನ್ನು ನಾವು ನೋಡಿಕೊಳ್ಳುತ್ತೇವೆ ಒಡೆಯರೇ, ತೊಟ್ಟಿಲನ್ನು ನೀವು ತೂಗಿ ಬನ್ನಿ," ಎಂದ ಒಬ್ಬ.

ಲ್ಯಾಂಬರ್ಟ್ ಲೆಕ್ಕ ಹಾಕಿದ. ಇಲ್ಲ ಎಂದರೆ ಪಾಪ, ಅದೂ ಇಷ್ಟು ಜನರ ಮುಂದೆ. ಹೂಂ ಎಂದರೆ ಒಂದು ಮನೆ ನೆಂಟರದಾಗುತ್ತದೆ, ಅಷ್ಟೇ ತಾನೆ? ಆ ಒಂದು ಮನೆಯ ಹೊಲ ಬಿಟ್ಟು ಉಳಿದದ್ದನ್ನು ಸುಟ್ಟರಾಯಿತು.

ಅವನು ಕುದುರೆಯಿಂದ ಇಳಿದ. ಸವಾರರೂ ಹಿಂದೆ ಬಂದರು. ಚರ್ಚಿನೊಳಗಿದ್ದವರು ದಾರಿ ಬಿಟ್ಟರು. ಲ್ಯಾಂಬರ್ಟ್ ಕೂಸನ್ನು ಎತ್ತಿಕೊಂಡ. ಪಾದ್ರಿ ಅದರ ತಲೆಗೆ ನೀರು ಹಾಕಿ, ಹೆಸರೇನು ಎಂದು ಕೇಳಿದ. ಹೆಸರು ಹೇಳಬೇಕಾದವನು ಧರ್ಮತಂದೆ. ಲ್ಯಾಂಬರ್ಟನಿಗೆ ಸ್ವಂತ ಮಕ್ಕಳಿರಲಿಲ್ಲ. ತನ್ನ ತಂದೆಯಿಂದ ತನಗೆ ಬಂದ ಹೆಸರಿಗೆ ತನ್ನ ನಂತರ ಹೋಗಲು ಜಾಗವಿರಲಿಲ್ಲ. ಕೂಸಿನ ಮುಖ ನೋಡಿ, "ಲ್ಯಾಂಬರ್ಟ್," ಎಂದ.

ಆಮೇಲೆ ಕೂಸನ್ನು ಸೂಲಗಿತ್ತಿಯ ಕೈಗೆ ಕೊಟ್ಟು ಅದರ ತಂದೆಯ ಕಡೆ ತಿರುಗಿದ. ಅವನೊಬ್ಬ ಬಡ ರೈತ. "ನಿನ್ನ ಹೊಲ ಯಾವುದು ತೋರಿಸು. ಅದನ್ನು ಮುಟ್ಟುವುದಿಲ್ಲ," ಎಂದ.

ರೈತ ಒಮ್ಮೆ ಪಾದ್ರಿಯ ಮುಖ ನೋಡಿದ, ಒಮ್ಮೆ ಸೂಲಗಿತ್ತಿಯ ಮುಖ ನೋಡಿದ. ಧೈರ್ಯ ಬಂತು. "ಬಾ ಅಣ್ಣಾ," ಎಂದ.

ಆ ದೇಶದಲ್ಲಿ ಒಬ್ಬನ ಹೊಲ ಒಂದೇ ಕಡೆ ಇರುತ್ತಿರಲಿಲ್ಲ ನೋಡು. ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರಿಗೂ ಸಮನಾಗಿ ಸಿಗಲೆಂದು ಇಡೀ ಬಯಲನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ಹಂಚಿಕೊಳ್ಳುತ್ತಿದ್ದರು. ಪ್ರತಿ ಮನೆಗೂ ಇಲ್ಲೊಂದು ಪಟ್ಟಿ, ಅಲ್ಲೊಂದು ಪಟ್ಟಿ. ನಡುವೆ ಬೇಲಿಯಿಲ್ಲ, ಬದುವಿಲ್ಲ, ಬರೀ ಒಂದು ನೇಗಿಲ ಗೆರೆ. ಕೋಟೆಯೊಳಗೆ ಬೆಳೆದ ಲ್ಯಾಂಬರ್ಟ್ ಎಷ್ಟೋ ಹೊಲ ಸುಟ್ಟಿದ್ದ. ಒಂದು ಹೊಲದೊಳಗೂ ನಡೆದಿರಲಿಲ್ಲ.

"ಇದು ನನ್ನದು ಅಣ್ಣಾ," ಎಂದು ರೈತ ತೋರಿಸಿದ. ಮುಂದೆ ನಡೆದ. "ಇದೂ ನನ್ನದೇ." ದಿಬ್ಬ ಹತ್ತಿದ. "ಅಗೋ ಅದು. ಅದರ ಆಚೆ ಮತ್ತೊಂದು."

"ಇನ್ನೂ ಇದೆಯೇ?"

"ಹಳ್ಳದ ಆಚೆಯದನ್ನು ಇನ್ನೂ ತೋರಿಸಿಯೇ ಇಲ್ಲವಲ್ಲ."

ಲ್ಯಾಂಬರ್ಟ್ ಬಯಲನ್ನು ನೋಡಿದ. ಗೋಧಿ ಒಣಗಿ ನಿಂತಿತ್ತು, ಗಾಳಿ ಬೀಸುತ್ತಿತ್ತು. ಎಲ್ಲಿ ಕಿಡಿ ಬಿದ್ದರೂ ಅದು ಈ ಹೊಸ ತಮ್ಮನ ಪಟ್ಟಿಗೆ ಹಬ್ಬದೆ ನಿಲ್ಲುವಂತಿರಲಿಲ್ಲ. ಹಿಂತಿರುಗಿ ತನ್ನ ಸವಾರರನ್ನು ನೋಡಿದ. ಅವರು ಆಗಲೇ ನಗು ನಿಲ್ಲಿಸಿದ್ದರು. ಅವನು ಕೂಸನ್ನು ಎತ್ತಿಕೊಂಡದ್ದನ್ನು ಅವರೆಲ್ಲ ಕಣ್ಣಾರೆ ಕಂಡಿದ್ದರು.

ಅವನು ಒಬ್ಬ ಸವಾರನ ಕೈಯಿಂದ ತನ್ನ ಪಂಜನ್ನು ತೆಗೆದುಕೊಂಡು ಹಳ್ಳದವರೆಗೆ ನಡೆದುಹೋಗಿ ನೀರಿನಲ್ಲಿ ಅದ್ದಿದ. ಸವಾರರು ಒಬ್ಬೊಬ್ಬರಾಗಿ ಬಂದು ತಮ್ಮ ಪಂಜುಗಳನ್ನೂ ಅದ್ದಿದರು.

ಚರ್ಚಿನ ಗಂಟೆ ಬಾರಿಸಿದರು ನೋಡು, ಹಗ್ಗ ಕಿತ್ತುಬರುವಂತೆ ಬಾರಿಸಿದರು. ಊರವರು ಬಿಯರಿನ ಪೀಪಾಯಿ ಉರುಳಿಸಿಕೊಂಡು ಬಂದರು. ಸುಡಲು ಬಂದವರೂ ಸುಟ್ಟುಹೋಗಬೇಕಾಗಿದ್ದವರೂ ಒಂದೇ ಬೋಗುಣಿಯಲ್ಲಿ ಕುಡಿದರು. ಬೆಳಗಾದ ಮೇಲೆ ಕೊಯ್ಲು ಶುರುವಾಯಿತು. ಆ ಚಳಿಗಾಲ ಆ ಊರಿನಲ್ಲಿ ಒಂದು ಮಗುವೂ ಹಸಿವಿನಿಂದ ಸಾಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ಅಂತೂ ಆ ಒಡೆಯ ಚೆನ್ನಾಗಿ ಸೋತ, ಅಲ್ಲವೇ ಗುರುಗಳೇ?"

"ಸೋತವನು ಆ ದಿನಕ್ಕೆ ಹಬ್ಬ ಮಾಡುತ್ತಾನೆಯೇ? ಬದುಕಿರುವ ತನಕ ಪ್ರತಿ ವರ್ಷ ಲ್ಯಾಂಬರ್ಟ್ ತನ್ನ ಕೋಟೆಯ ತುಂಬ ದೀಪ ಹಚ್ಚಿಸಿ, ಆ ಊರಿನವರನ್ನೆಲ್ಲ ಕರೆಸಿ ಊಟ ಹಾಕುತ್ತಿದ್ದದ್ದು ಪಂಜು ಅದ್ದಿದ ಅದೇ ದಿನ, ಜುಲೈ ಮೂವತ್ತೊಂದು."